ಪೀಣ್ಯದ ವರ್ಕ್‌ಶಾಪ್, ಬಿ ಖಾತಾ ಮನೆ ಮತ್ತು ಅರ್ಧ ವಿದ್ಯಾರ್ಥಿವೇತನ: ಒಂದು ಪ್ರಕರಣ ಅಧ್ಯಯನ

ಅಭಿವೃದ್ಧಿಶೀಲ ದೇಶಗಳ ವಿದ್ಯಾರ್ಥಿಗಳಿಗೆಂದು ವಿದೇಶದ ಬಿಸಿನೆಸ್ ಶಾಲೆಗಳು ಕೊಡುವ ವಿದ್ಯಾರ್ಥಿವೇತನಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಅರ್ಹತೆ, ಅಂಕ ಮತ್ತು ಪ್ರಬಂಧಗಳ ಸುತ್ತಲೇ ಸುತ್ತುತ್ತದೆ. ವೇತನ ಸಿಕ್ಕ ಮೇಲೆ ಉಳಿಯುವ ಅಂತರವನ್ನು ಯಾವ ಹಣದಿಂದ ತುಂಬಲಾಗುತ್ತದೆ, ಆ ಹಣವು ಓದಿದ ವ್ಯಕ್ತಿಯನ್ನು ಮುಂದೆ ಯಾವ ಊರಿನಲ್ಲಿ ಕಟ್ಟಿಹಾಕುತ್ತದೆ ಎಂಬ ಪ್ರಶ್ನೆ ಬರುವುದು ತೀರ ತಡವಾಗಿ. ಬೆಂಗಳೂರಿನ ಒಬ್ಬ ಅಭ್ಯರ್ಥಿಯ ಅರ್ಜಿ, ಆಯ್ಕೆ, ಮೇಲ್ಮನವಿ ಮತ್ತು ಸಾಲದ ಲೆಕ್ಕವನ್ನು ಆರಂಭದಿಂದ ಹತ್ತಿರವಿದ್ದು ನೋಡಿದವನಾಗಿ, ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಅಭ್ಯರ್ಥಿಯ ಹೆಸರನ್ನೂ ಆಕೆ ಸೇರಿದ ಶಾಲೆಯ ಹೆಸರನ್ನೂ ಕೊಟ್ಟಿಲ್ಲ. ಮೊತ್ತಗಳೆಲ್ಲ ಅಂದಾಜಿನವು.

ಹಿನ್ನೆಲೆ

ಅರ್ಜಿ ಹಾಕುವಾಗ ಆಕೆಗೆ 27 ವರ್ಷ. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮ, ನಂತರ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ, ಅದಾದ ಮೇಲೆ ಐದು ವರ್ಷ ಒಂದು ಬಿಡಿಭಾಗ ತಯಾರಿಕಾ ಕಂಪನಿಯ ಖರೀದಿ ವಿಭಾಗದಲ್ಲಿ ಕೆಲಸ. ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 55 ಸಾವಿರ ರೂಪಾಯಿ. ತಂದೆ ಪೀಣ್ಯದಲ್ಲಿ ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತ್ ಮತ್ತು ಬ್ಯಾಂಕ್ ಸಾಲದಲ್ಲಿ ಕೊಂಡ ಒಂದು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳ ಆರ್ಡರಿನ ಕೆಲಸ, ಮಾಡುತ್ತಾರೆ. ಮನೆ ಲಗ್ಗೆರೆಯಲ್ಲಿ, ಇಪ್ಪತ್ತು ಮೂವತ್ತರ ಸೈಟಿನಲ್ಲಿ, ತೊಂಬತ್ತರ ದಶಕದಲ್ಲಿ ಕಂತು ಕಟ್ಟಿ ಕೊಂಡದ್ದು.

ಎಂಬಿಎ ಮಾಡಬೇಕೆಂಬ ಆಕೆಯ ಬಯಕೆಗೆ ತಂದೆಯ ಬಿಲ್ ಪುಸ್ತಕವೇ ಮೂಲ ಎನ್ನಬಹುದು. ಆ ಪುಸ್ತಕದಲ್ಲಿ ಪ್ರತಿ ಬಿಲ್ಲಿನ ಪಕ್ಕ ತಂದೆ ಎರಡು ದಿನಾಂಕ ಬರೆದಿಡುತ್ತಾರೆ: ಮಾಲು ಕಳುಹಿಸಿದ್ದು ನೀಲಿ ಶಾಯಿಯಲ್ಲಿ, ಹಣ ಬಂದದ್ದು ಕೆಂಪು ಶಾಯಿಯಲ್ಲಿ. ನೀಲಿಗೂ ಕೆಂಪಿಗೂ ನಡುವೆ ಸಾಮಾನ್ಯವಾಗಿ ಮೂರು ತಿಂಗಳು, ಕೆಲವು ಕಡೆ ಐದು. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಪೂರೈಕೆದಾರನಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕು. ಆದರೆ ಒಂದೇ ಗ್ರಾಹಕನನ್ನು ನಂಬಿಕೊಂಡ ವರ್ಕ್‌ಶಾಪ್ ಮಾಲೀಕ ಕಾಯ್ದೆಯನ್ನು ಎತ್ತಿ ಹಿಡಿದರೆ ಮುಂದಿನ ಆರ್ಡರ್ ಬರುವುದಿಲ್ಲ. ಹತ್ತು ಹದಿನೈದು ವರ್ಕ್‌ಶಾಪ್‌ಗಳನ್ನು ಒಂದೇ ಕಂಪನಿಯಡಿ ಸೇರಿಸಿ, ಗುಣಮಟ್ಟದ ಪ್ರಮಾಣೀಕರಣವನ್ನು ಒಟ್ಟಿಗೆ ಪಡೆದು, ಆರ್ಡರುಗಳನ್ನು ನೇರವಾಗಿ ಹಿಡಿಯುವುದು ಆಕೆಯ ಯೋಜನೆ. ಇದಕ್ಕೆ ಬೇಕಾದ ಹಣಕಾಸು ಮತ್ತು ರಫ್ತು ವ್ಯವಹಾರದ ಅರಿವು ಖರೀದಿ ವಿಭಾಗದ ಕೆಲಸದಿಂದ ಬರುವುದಿಲ್ಲ ಎಂಬ ಆಕೆಯ ಅಂದಾಜು ಸರಿಯಾಗಿಯೇ ಇತ್ತು. ಅಂದರೆ ಆಕೆ ಮೊದಲ ದಿನದಿಂದಲೂ ಮರಳಿ ಬರಲೆಂದೇ ಹೊರಟ ಅಭ್ಯರ್ಥಿ. ಈ ಪ್ರಕರಣದ ಎಲ್ಲ ತೊಡಕುಗಳೂ ಈ ಒಂದು ಸಂಗತಿಗೆ ತಗುಲಿಕೊಂಡಿವೆ.

ಯಾವ ಹಣ ಯಾರಿಗೆ

ಬಿಸಿನೆಸ್ ಶಾಲೆಗಳ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಈಗಿನ ಮಾದರಿಯಲ್ಲಿ, ಅಂದರೆ 205ರಿಂದ 805ರವರೆಗಿನ ಅಳತೆಯಲ್ಲಿ, ಆಕೆಗೆ 655 ಬಂತು. ಅಂಕಪಟ್ಟಿಗೆ ಐದು ವರ್ಷದ ಮಾನ್ಯತೆ ಇರುವುದರಿಂದ ಆ ಕಡೆಯಿಂದ ಅವಸರವಿರಲಿಲ್ಲ. ಅವಸರವಿದ್ದದ್ದು ವೇತನಗಳ ಪಂಚಾಂಗದಲ್ಲಿ.

ಸ್ಟ್ಯಾನ್‌ಫರ್ಡ್‌ನ ರಿಲಯನ್ಸ್ ಧೀರೂಭಾಯಿ ಫೆಲೋಶಿಪ್ ಹಣದ ಅಗತ್ಯವಿರುವ ಭಾರತೀಯ ಪ್ರಜೆಗಳಿಗೆಂದೇ ಇರುವುದು; ವರ್ಷಕ್ಕೆ ಐವರವರೆಗೆ ಆಯ್ಕೆಯಾಗುತ್ತಾರೆ, ಓದು ಮುಗಿದ ಎರಡು ವರ್ಷದೊಳಗೆ ಭಾರತಕ್ಕೆ ಮರಳಿ ಕನಿಷ್ಠ ಎರಡು ವರ್ಷ ಇಲ್ಲಿನ ಸಂಸ್ಥೆಯಲ್ಲಿ ಕೆಲಸ ಮಾಡಬೇಕೆಂಬ ಷರತ್ತಿದೆ. ಆಕೆಯ ಉದ್ದೇಶಕ್ಕೆ ಇದಕ್ಕಿಂತ ಹೊಂದುವ ವೇತನ ಇನ್ನೊಂದಿಲ್ಲ. ಆದರೆ ಇದರ ಅರ್ಜಿ ಎಂಬಿಎ ಅರ್ಜಿಗೂ ಮುಂಚಿನದು. ಆಕೆ ಈ ವಿಷಯ ತಿಳಿಯುವ ಹೊತ್ತಿಗೆ ಆ ವರ್ಷದ ಗಡುವು ದಾಟಿತ್ತು. ಹಾರ್ವರ್ಡ್‌ನಲ್ಲಿ ಶಾಲೆಯೇ ಕೊಡುವ ನೆರವು ವಿದ್ಯಾರ್ಥಿಯ ಆರ್ಥಿಕ ಅಗತ್ಯವನ್ನಷ್ಟೇ ನೋಡುತ್ತದೆ, ಅಂಕ ನೋಡಿ ಕೊಡುವ ವೇತನವಲ್ಲ. ಫ್ರಾನ್ಸ್‌ನ ಇನ್ಸಿಯಾಡ್ ಮಾದರಿಯ ಶಾಲೆಗಳಲ್ಲಿ ದಾನಿಗಳ ಇಚ್ಛೆಗೆ ತಕ್ಕಂತೆ ಹತ್ತಾರು ಪ್ರತ್ಯೇಕ ವೇತನಗಳಿದ್ದು, ಅಭಿವೃದ್ಧಿಶೀಲ ದೇಶ ಎಂದ ಮಾತ್ರಕ್ಕೆ ಭಾರತೀಯರಿಗೆಲ್ಲ ಬಾಗಿಲು ತೆರೆಯುವುದಿಲ್ಲ. ಅಲ್ಲಿನ ಗ್ರೀನ್‌ಡೇಲ್ ವೇತನ ದಕ್ಷಿಣ ಮತ್ತು ಪೂರ್ವ ಆಫ್ರಿಕಾದವರಿಗೆ ಮೀಸಲು. ವಿದೇಶಿ ಬಿಸಿನೆಸ್ ಶಾಲೆಗಳ ಅರ್ಜಿದಾರರಲ್ಲಿ ಭಾರತೀಯರ ಗುಂಪೇ ಬಹಳ ದೊಡ್ಡದಾಗಿರುವುದರಿಂದ, ಚಿಕ್ಕ ದೇಶಗಳ ಕಡೆಗೆ ದಾನಿಗಳ ಒಲವು ಇರುವುದು ನ್ಯಾಯವೇ ಎಂದು ನನಗನ್ನಿಸುತ್ತದೆ. ಆದರೆ ಪೀಣ್ಯದ ಹುಡುಗಿಗೆ ಅದರಿಂದಾಗುವ ನಷ್ಟ ಕಡಿಮೆಯಾಗುವುದಿಲ್ಲ.

ಬ್ರಿಟನ್ ಸರ್ಕಾರದ ಚೀವ್ನಿಂಗ್ ವೇತನವನ್ನೂ ಪರಿಶೀಲಿಸಿದೆವು. ಓದು ಮುಗಿಸಿ ಸ್ವದೇಶಕ್ಕೆ ಮರಳಿ ಎರಡು ವರ್ಷ ಇರಬೇಕೆಂಬ ಅದರ ಷರತ್ತು ಆಕೆಗೆ ಭಾರವಾಗಿರಲಿಲ್ಲ. ಭಾರವಾದದ್ದು ಎಂಬಿಎ ಶುಲ್ಕಕ್ಕೆ ಅದು ಹಾಕಿರುವ 22,000 ಪೌಂಡ್‌ಗಳ ಮಿತಿ; ಹೆಸರಾದ ಎಂಬಿಎ ಕೋರ್ಸುಗಳ ಶುಲ್ಕ ಅದರ ಮೂರು ಪಟ್ಟನ್ನೂ ಮೀರುವುದುಂಟು. ಈ ಮಿತಿ ಎಂಬಿಎಗೆ ಮಾತ್ರ ಅನ್ವಯಿಸುತ್ತದೆ. ಮ್ಯಾನೇಜ್‌ಮೆಂಟ್ ವಿಷಯದ ಒಂದು ವರ್ಷದ ಎಂಎಸ್ಸಿಗೆ ಅರ್ಜಿ ಹಾಕಿದ್ದರೆ ಪೂರ್ತಿ ಶುಲ್ಕವೇ ಬರುವ ಸಾಧ್ಯತೆಯಿತ್ತು. ಆಕೆ ಎಂಬಿಎಯನ್ನೇ ಹಿಡಿದು ನಿಂತಳು. ಐದು ವರ್ಷದ ಅನುಭವವಿರುವವರ ನಡುವೆ ಕೂತು ಕಲಿಯಬೇಕೆಂಬುದು ಆಕೆಯ ವಾದ. ಒಪ್ಪಬಹುದಾದ ವಾದವೇ, ಆದರೂ ದುಬಾರಿಯಾದದ್ದು.

ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಇಪಿಒಎಸ್ ಕಾರ್ಯಕ್ರಮದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ಅಭಿವೃದ್ಧಿಗೆ ಸಂಬಂಧಿಸಿದ ಸ್ನಾತಕೋತ್ತರ ಕೋರ್ಸುಗಳಿಗೆ, ಅಭಿವೃದ್ಧಿಶೀಲ ದೇಶಗಳ ಉದ್ಯೋಗಸ್ಥರಿಗೆಂದೇ ರೂಪಿಸಿದ ಕಾರ್ಯಕ್ರಮವಿದು. ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಸಣ್ಣ ಉದ್ದಿಮೆಗಳ ಬೆಳವಣಿಗೆಯನ್ನೇ ಕೇಂದ್ರವಾಗಿಟ್ಟುಕೊಂಡ ಎಂಬಿಎ ಕೂಡ ಇದರ ನೆರವಿಗೆ ಒಳಪಟ್ಟಿದೆ. ಪೀಣ್ಯದ ಪ್ರಶ್ನೆಗೆ ಇಷ್ಟು ಸಮೀಪದ ಪಠ್ಯಕ್ರಮ ಹೆಸರಾಂತ ಶಾಲೆಗಳಲ್ಲೂ ಸಿಗದು. ಕನಿಷ್ಠ ಎರಡು ವರ್ಷದ ಅನುಭವ ಬೇಕು, ಕೊನೆಯ ಪದವಿ ಪಡೆದು ಆರು ವರ್ಷ ಮೀರಿರಬಾರದು. ಆಕೆ ಪದವಿ ಪಡೆದು ಐದು ವರ್ಷವಾಗಿತ್ತು. ಆ ವರ್ಷದ ಅರ್ಜಿಯ ಕಾಲ ಕಳೆದಿತ್ತು. ಇನ್ನೊಂದು ವರ್ಷ ಕಾದರೆ ಒಂದೇ ಒಂದು ಅವಕಾಶ, ಅದೂ ತಪ್ಪಿದರೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ.

ಭಾರತದೊಳಗಿನ ನೆರವಿನ ಮೂಲಗಳು ಬೇರೆ ಬಗೆಯವು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಮುಖ್ಯವಾಗಿ ಪರಿಶಿಷ್ಟ ಜಾತಿಗಳವರಿಗೆ, ಅವರ ಜೊತೆ ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದವರಿಗೆ ಇರುವುದು. ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ. ಆಕೆ ಈ ವರ್ಗಗಳಿಗೆ ಸೇರಿದವಳಲ್ಲ. ಸೇರಿದವರು ಬೇರೆಲ್ಲ ಹುಡುಕಾಟಕ್ಕಿಂತ ಮುಂಚೆ ಇವುಗಳನ್ನೇ ನೋಡಬೇಕೆಂದು ಇಲ್ಲಿ ಒತ್ತಿ ಹೇಳುತ್ತೇನೆ. ಖಾಸಗಿ ಟ್ರಸ್ಟುಗಳ ಪೈಕಿ ಇನ್ಲ್ಯಾಕ್ಸ್ ಪ್ರತಿಷ್ಠಾನ ಬಿಸಿನೆಸ್ ಮತ್ತು ಹಣಕಾಸು ವಿಷಯಗಳಿಗೆ ವೇತನ ಕೊಡುವುದಿಲ್ಲ. 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ದತ್ತಿ ಕೊಡುವುದು ಸಾಲರೂಪದ ವೇತನ, ಕೆ.ಸಿ. ಮಹೀಂದ್ರಾ ಟ್ರಸ್ಟಿನದು ಬಡ್ಡಿರಹಿತ ಸಾಲ. ಇಂಥ ಬಡ್ಡಿರಹಿತ ಸಾಲವೊಂದಕ್ಕೆ ಆಕೆ ಅರ್ಜಿ ಹಾಕಿ, ಸಂದರ್ಶನ ಮುಗಿಸಿ, 5 ಲಕ್ಷ ರೂಪಾಯಿ ಪಡೆದಳು.

ಆಯ್ಕೆಯ ಪತ್ರ ಮತ್ತು ಮೂರು ಅಂಕಿಗಳು

ಯುರೋಪಿನ ಒಂದು ಹೆಸರಾಂತ ಶಾಲೆಯ ಒಂದು ವರ್ಷದ ಎಂಬಿಎಗೆ ಆಕೆಗೆ ಪ್ರವೇಶ ಸಿಕ್ಕಿತು. ಶುಲ್ಕ ಸುಮಾರು 62 ಲಕ್ಷ ರೂಪಾಯಿ, ವಾಸ ಮತ್ತು ಇತರೆ ವೆಚ್ಚ 20 ಲಕ್ಷ, ಒಟ್ಟು 82 ಲಕ್ಷ. ಪ್ರವೇಶಪತ್ರದ ಜೊತೆಗೆ ಶುಲ್ಕದ ಶೇಕಡ 40ರಷ್ಟು, ಅಂದರೆ 25 ಲಕ್ಷದಷ್ಟು ವೇತನ. ಬಂಧುಬಳಗದಲ್ಲೆಲ್ಲ ಸಿಹಿ ಹಂಚಿದ್ದಾಯಿತು. ಉಳಿದ 57 ಲಕ್ಷದಲ್ಲಿ ಆಕೆಯ ಉಳಿತಾಯ 9 ಲಕ್ಷ, ಟ್ರಸ್ಟಿನ ಸಾಲ 5 ಲಕ್ಷ ಕಳೆದರೆ 43 ಲಕ್ಷ ಬ್ಯಾಂಕಿನಿಂದ ಬರಬೇಕಿತ್ತು.

ಈ 40ರ ಅಂಕಿ ಹೇಗೆ ಬಂತು ಎಂದು ತಿಳಿಯಲು ಅಗತ್ಯಾಧಾರಿತ ನೆರವಿನ ನಮೂನೆಯನ್ನು ಮತ್ತೆ ತೆರೆದು ನೋಡಿದೆವು. ಇಡೀ ಪ್ರಕರಣದ ತಿರುಳು ಅಲ್ಲಿತ್ತು. ಕುಟುಂಬದ ವ್ಯವಹಾರದ ವಾರ್ಷಿಕ ವಹಿವಾಟು ಎಂಬ ಕಾಲಂನಲ್ಲಿ ಆಕೆ ಜಿಎಸ್‌ಟಿ ರಿಟರ್ನಿನಂತೆ 48 ಲಕ್ಷ ಎಂದು ಬರೆದಿದ್ದಳು. ತಂದೆಯ ಆದಾಯ ತೆರಿಗೆ ವಿವರದಲ್ಲಿ ನಿವ್ವಳ ಆದಾಯ 5.8 ಲಕ್ಷ. ಕಾಲೇಜಿನ ಶುಲ್ಕ ರಿಯಾಯಿತಿಗೆಂದು ಹಿಂದೆ, ಶೆಡ್ಡು ಬಹುಕಾಲ ಮುಚ್ಚಿದ್ದ ಒಂದು ವರ್ಷದಲ್ಲಿ ಪಡೆದಿದ್ದ ಆದಾಯ ಪ್ರಮಾಣಪತ್ರದಲ್ಲಿ 1.2 ಲಕ್ಷ, ಅದೂ ಹಳೆಯ ಕಡತದೊಂದಿಗೆ ಲಗತ್ತಾಗಿ ಹೋಗಿತ್ತು. ಒಂದೇ ಮನೆಯ ಬಗ್ಗೆ ಮೂರು ಕಾಗದ, ಮೂರು ಅಂಕಿ, ಮೂರೂ ನಿಜ. ನಮ್ಮ ಸಣ್ಣ ವ್ಯಾಪಾರದ ಮನೆಗಳಲ್ಲಿ ಇದು ದಿನನಿತ್ಯದ ಸಂಗತಿ. ವಹಿವಾಟಿನ ಬಹುಪಾಲು ಉಕ್ಕಿನ ಬೆಲೆ, ಕರೆಂಟ್ ಬಿಲ್ಲು, ಶೆಡ್ಡಿನ ಬಾಡಿಗೆ, ಕೆಲಸಗಾರರ ಕೂಲಿ ಮತ್ತು ಯಂತ್ರದ ಕಂತಿಗೆ ಹೋಗುತ್ತದೆ. ಆದಾಯ ತೆರಿಗೆ ಕಾಯ್ದೆಯೇ ಇಂಥ ವ್ಯಾಪಾರಿಗಳಿಗೆ ಬ್ಯಾಂಕ್ ಮೂಲಕ ಬಂದ ವಹಿವಾಟಿನ ಶೇಕಡ 6ನ್ನು ಲಾಭವೆಂದು ತೋರಿಸಲು ಅನುವು ಮಾಡಿಕೊಟ್ಟಿದೆ. ತಂದೆ ಅದರ ಎರಡರಷ್ಟು ತೋರಿಸಿದ್ದರು. ತಿಂಗಳ ಸಂಬಳದ ಚೀಟಿ ನೋಡಿ ಅಭ್ಯಾಸವಾದ ವಿದೇಶದ ಸಮಿತಿಗೆ ಈ ಹಿನ್ನೆಲೆ ಯಾರೂ ಹೇಳದೆ ತಿಳಿಯುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಮನೆಯದು. ಆಸ್ತಿಯ ಮಾರುಕಟ್ಟೆ ಮೌಲ್ಯ ಎಂಬ ಕಾಲಂನಲ್ಲಿ ಆಕೆ ಪ್ರಾಮಾಣಿಕವಾಗಿ 75 ಲಕ್ಷ ಎಂದು ತುಂಬಿದ್ದಳು. ಯೂರೋಗೆ ಪರಿವರ್ತಿಸಿದಾಗ ಅದು ಗೌರವಾನ್ವಿತ ಮೊತ್ತ. ಸ್ವಂತ ಮನೆ, ಯಂತ್ರೋಪಕರಣ, ಅರ್ಧ ಕೋಟಿಯ ಆಸುಪಾಸಿನ ವಹಿವಾಟು ಇರುವ ಕುಟುಂಬ ಎಂಬ ಚಿತ್ರ ಆ ನಮೂನೆಯಲ್ಲಿ ಮೂಡಿತ್ತು. ಆದರೆ ಆ ಮನೆ ನಿಂತಿರುವುದು ಕಂದಾಯ ನಿವೇಶನದಲ್ಲಿ, ಅದಕ್ಕಿರುವುದು ಬಿ ಖಾತಾ. ಕೃಷಿ ಭೂಮಿಯನ್ನು ವಿಧಿವತ್ತಾಗಿ ಪರಿವರ್ತಿಸದೆ, ನಕ್ಷೆಗೆ ಅನುಮೋದನೆ ಪಡೆಯದೆ ಮಾಡಿದ ಬಡಾವಣೆಗಳ ಸೈಟುಗಳಿಗೆ ಪಾಲಿಕೆ ತೆರಿಗೆ ಕಟ್ಟಿಸಿಕೊಂಡು ಪ್ರತ್ಯೇಕ ವಹಿಯಲ್ಲಿ ದಾಖಲಿಸುತ್ತದೆ. ಕುಟುಂಬ ಅದರಲ್ಲಿ ಮೂರು ದಶಕ ಬಾಳಬಹುದು, ತೆರಿಗೆ ರಸೀದಿಗಳ ಕಟ್ಟು ಇರಬಹುದು, ಆದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅದನ್ನು ಅಡಮಾನವಾಗಿ ಸ್ವೀಕರಿಸುವುದಿಲ್ಲ. ಅಂದರೆ ವಿದ್ಯಾರ್ಥಿವೇತನದ ಸಮಿತಿಯ ಮುಂದೆ ಆ ಮನೆ ಆಸ್ತಿ, ಸಾಲದ ಅಧಿಕಾರಿಯ ಮುಂದೆ ಅದು ಶೂನ್ಯ. ಬೆಂಗಳೂರಿನ ಹೊರವಲಯದಲ್ಲಿ ಹೀಗೆ ಎರಡೂ ಕಡೆ ಸೋಲುವ ಕುಟುಂಬಗಳು ಲೆಕ್ಕವಿಲ್ಲದಷ್ಟಿವೆ, ಮತ್ತು ಅವರ ಮಕ್ಕಳ ಅರ್ಜಿಗಳಲ್ಲಿ ಇದನ್ನು ವಿವರಿಸಿದ್ದನ್ನು ನಾನು ಕಂಡದ್ದು ಅಪರೂಪ. ಮನೆಯ ಕಾಗದದ ಸಂಗತಿಯನ್ನು ಹೊರಗಿನವರ ಮುಂದೆ ಹೇಳುವುದಕ್ಕೆ ಸಂಕೋಚ. ಆ ಸಂಕೋಚ ಲಕ್ಷಗಟ್ಟಲೆ ರೂಪಾಯಿಯ ಬೆಲೆ ಕೇಳುತ್ತದೆ.

ಮೇಲ್ಮನವಿ

ಮುಂಗಡ ಠೇವಣಿ ಕಟ್ಟಲು ಮೂರು ವಾರ ಗಡುವಿತ್ತು. ಬಂದ ವೇತನವನ್ನು ಮರುಪರಿಶೀಲಿಸಿ ಎಂದು ಕೇಳುವುದು ಉದ್ಧಟತನವಾದೀತು, ಕೊಟ್ಟದ್ದನ್ನೂ ಹಿಂದೆಗೆದುಕೊಂಡಾರು ಎಂಬ ಅಂಜಿಕೆ ಆಕೆಯ ತಂದೆಯವರಿಗೆ ಬಲವಾಗಿತ್ತು. ಆದರೆ ಹೊಸ ಮಾಹಿತಿ ಇದ್ದಾಗ ಮರುಪರಿಶೀಲನೆ ಕೋರುವುದು ಬಿಸಿನೆಸ್ ಶಾಲೆಗಳಿಗೆ ಹೊಸದಲ್ಲ. ಬೇರೆ ಶಾಲೆ ಇಷ್ಟು ಕೊಟ್ಟಿದೆ ಎಂದು ಚೌಕಾಶಿ ಮಾಡುವ ಪತ್ರಗಳು ಅವರಿಗೆ ಬೇಕಾದಷ್ಟು ಬರುತ್ತವೆ. ಆಕೆಯ ಪತ್ರದಲ್ಲಿ ಚೌಕಾಶಿಯ ಒಂದು ಸಾಲೂ ಇರಲಿಲ್ಲ.

ಒಂದೂವರೆ ಪುಟದ ಆ ಪತ್ರದ ಮೊದಲ ಭಾಗದಲ್ಲಿ 48 ಲಕ್ಷದ ವಹಿವಾಟು 5.8 ಲಕ್ಷದ ಆದಾಯವಾಗಿ ಇಳಿಯುವ ಬಗೆಯನ್ನು ಆರು ಸಾಲಿನ ಕೋಷ್ಟಕದಲ್ಲಿ ತೋರಿಸಿದ್ದಳು, ಚಾರ್ಟರ್ಡ್ ಅಕೌಂಟೆಂಟರ ಸಹಿಯೊಂದಿಗೆ. ಹಳೆಯ ಪ್ರಮಾಣಪತ್ರ ಯಾವ ಕಾಲದ್ದು, ಏಕೆ ಅಷ್ಟು ಕಡಿಮೆ ಎಂದು ಎರಡು ವಾಕ್ಯದಲ್ಲಿ ಹೇಳಿ, ನಾಡಕಚೇರಿಯಿಂದ ಪಡೆದ ಹೊಸ ಪ್ರಮಾಣಪತ್ರವನ್ನು ನೋಟರಿ ದೃಢೀಕರಿಸಿದ ಅನುವಾದದೊಂದಿಗೆ ಸೇರಿಸಿದಳು. ಎರಡನೆಯ ಭಾಗದಲ್ಲಿ ಮನೆಯ ದಾಖಲೆಯ ಸ್ವರೂಪ, ಅದನ್ನು ಅಡಮಾನ ಇಡಲಾಗದೆಂಬ ಬ್ಯಾಂಕಿನ ಲಿಖಿತ ಉತ್ತರ. ಮೂರನೆಯ ಭಾಗ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು: ಮರಳಿ ಬಂದರೆ ಆಗುವ ಲೆಕ್ಕ.

ಆ ಲೆಕ್ಕ ಹೀಗಿತ್ತು. ಶೇಕಡ 10.5ರ ಬಡ್ಡಿಯಲ್ಲಿ 43 ಲಕ್ಷ ಸಾಲ ಮಾಡಿದರೆ, ಓದಿನ ಅವಧಿ ಮತ್ತು ನಂತರದ ಆರು ತಿಂಗಳ ಬಡ್ಡಿ ಸೇರಿ ಮರುಪಾವತಿ ಶುರುವಾಗುವಾಗ ಅದು 49.5 ಲಕ್ಷದ ಹತ್ತಿರ ಬರುತ್ತದೆ, ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 67 ಸಾವಿರ ರೂಪಾಯಿ. ಆಕೆ ಹೊರಡುವ ಮುನ್ನ ಪಡೆಯುತ್ತಿದ್ದ ಇಡೀ ಸಂಬಳಕ್ಕಿಂತ ಅದು ಹೆಚ್ಚು. ಇಂಥ ಕಂತು ಹೊತ್ತವರು ಸಣ್ಣ ಉದ್ದಿಮೆ ಕಟ್ಟಲು ಬೆಂಗಳೂರಿಗೆ ಬರುವುದು ಸಾಧ್ಯವಿಲ್ಲ. ಯೂರೋದಲ್ಲಿ ಸಂಬಳ ಬರುವ ಕೆಲಸವನ್ನು ಹತ್ತು ವರ್ಷ ಹಿಡಿದುಕೊಂಡಿರುವುದೊಂದೇ ದಾರಿ. ತನ್ನ ಪ್ರಬಂಧದಲ್ಲಿ ತಾನು ಹೇಳಿದ್ದ ಗುರಿ, ಅದನ್ನು ಮೆಚ್ಚಿ ಶಾಲೆ ಕೊಟ್ಟ ವೇತನ, ಇವೆರಡರ ನಡುವೆ ಈ 67 ಸಾವಿರ ನಿಂತಿದೆ ಎಂದು ಆಕೆ ಬರೆದಳು. ಭಾವುಕತೆ ಇಲ್ಲದ, ಆದರೆ ಬಲವಾದ ವಾದವಿದು. ಅಭಿವೃದ್ಧಿಶೀಲ ದೇಶಗಳ ಹೆಸರಿನಲ್ಲಿ ಕೊಡುವ ವೇತನ ಅರ್ಧಕ್ಕೆ ನಿಂತರೆ ಉಳಿದರ್ಧದ ಸಾಲವು ವಿದ್ಯಾರ್ಥಿಯನ್ನು ಶ್ರೀಮಂತ ದೇಶದಲ್ಲೇ ಉಳಿಸಿಕೊಳ್ಳುತ್ತದೆ. ದಾನಿಯ ಉದ್ದೇಶವನ್ನು ದಾನದ ಪ್ರಮಾಣವೇ ಕೆಡಿಸುತ್ತದೆ. ಶಾಲೆಗಳು ನಾಲ್ವರಿಗೆ ಕಾಲುಭಾಗದಷ್ಟು ವೇತನ ಹಂಚುವುದಕ್ಕಿಂತ ಮರಳುವ ಖಚಿತ ಯೋಜನೆಯುಳ್ಳ ಒಬ್ಬರಿಗೆ ಪೂರ್ತಿ ಕೊಡುವುದು ಮೇಲು ಎಂಬುದು ನನ್ನ ನಿಶ್ಚಿತ ಅಭಿಪ್ರಾಯ; ತರಗತಿಯಲ್ಲಿ ಹೆಚ್ಚು ದೇಶಗಳ ಮುಖ ಕಾಣಬೇಕೆಂಬ ಶಾಲೆಗಳ ಆಸೆ ಅರ್ಥವಾಗುವಂಥದ್ದಾದರೂ ನಾನು ಹೀಗೆಯೇ ಹೇಳುತ್ತೇನೆ.

ಹನ್ನೆರಡನೆಯ ದಿನ ಉತ್ತರ ಬಂತು. ಅಗತ್ಯಾಧಾರಿತ ನಿಧಿಯಿಂದ ಇನ್ನೂ 12 ಲಕ್ಷದಷ್ಟು ಸೇರಿಸಿದ್ದರು. ಕೋಷ್ಟಕ ಮತ್ತು ಬ್ಯಾಂಕಿನ ಪತ್ರದಿಂದ ಚಿತ್ರ ಸ್ಪಷ್ಟವಾಯಿತು ಎಂಬ ಒಂದು ಸಾಲು ಅದರಲ್ಲಿತ್ತು.

ಸಾಲ

ಉಳಿದದ್ದು 31 ಲಕ್ಷ. ಅಡಮಾನಕ್ಕೆ ಮನೆ ಒದಗದಿದ್ದರೂ ಸಾಲ ಸಿಕ್ಕಿತು, ಏಕೆಂದರೆ ಕೆಲವು ಸರ್ಕಾರಿ ಬ್ಯಾಂಕುಗಳು ಆಯ್ದ ವಿದೇಶಿ ಶಾಲೆಗಳ ಪಟ್ಟಿಯನ್ನಿಟ್ಟುಕೊಂಡು, ಅಲ್ಲಿ ಪ್ರವೇಶ ಪಡೆದವರಿಗೆ ಅಡಮಾನವಿಲ್ಲದೆ ದೊಡ್ಡ ಮೊತ್ತ ಕೊಡುತ್ತವೆ. ಆಕೆಯ ಶಾಲೆ ಪಟ್ಟಿಯಲ್ಲಿತ್ತು. ಹೆಸರಿಲ್ಲದ, ಆದರೆ ಪಠ್ಯಕ್ರಮ ಚೆನ್ನಾಗಿರುವ ಶಾಲೆಯನ್ನು ಆರಿಸಿದ್ದರೆ ಶುಲ್ಕ ಕಡಿಮೆಯಾಗುತ್ತಿತ್ತು, ಸಾಲ ಮಾತ್ರ ಹುಟ್ಟುತ್ತಿರಲಿಲ್ಲ. ಇದು ಅರ್ಜಿ ಹಾಕುವ ಶಾಲೆಗಳ ಪಟ್ಟಿ ಮಾಡುವಾಗಲೇ ನೋಡಬೇಕಾದ ಸಂಗತಿ.

ಪ್ರಾಡಿಜಿ ಫೈನಾನ್ಸ್‌ನಂಥ ಸಂಸ್ಥೆಗಳು ಜಾಮೀನುದಾರರಿಲ್ಲದೆ, ಮುಂದಿನ ಗಳಿಕೆಯನ್ನು ಆಧರಿಸಿ ಸಾಲ ಕೊಡುತ್ತವೆ; 2007ರಲ್ಲಿ ಇನ್ಸಿಯಾಡ್‌ನಲ್ಲಿ ಓದಿದವರೇ ಕಟ್ಟಿದ ಸಂಸ್ಥೆ ಅದು. ವಿದೇಶದಲ್ಲೇ ನೆಲೆಸುವವರಿಗೆ ಅನುಕೂಲ. ಆದರೆ ಸಾಲ ವಿದೇಶಿ ಕರೆನ್ಸಿಯಲ್ಲಿದ್ದು ಗಳಿಕೆ ರೂಪಾಯಿಯಲ್ಲಾದರೆ, ರೂಪಾಯಿ ಕುಸಿದಷ್ಟೂ ಕಂತು ಏರುತ್ತದೆ. ಮರಳುವ ಉದ್ದೇಶವಿದ್ದ ಆಕೆ ರೂಪಾಯಿ ಸಾಲವನ್ನೇ ಆರಿಸಿದ್ದು ಸರಿಯಾದ ನಿರ್ಧಾರ. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಎಂಟು ವರ್ಷದವರೆಗೆ ವಿನಾಯಿತಿ ಇರುವುದನ್ನೂ ಲೆಕ್ಕಕ್ಕೆ ಸೇರಿಸಿದೆವು. ಮರುಪಾವತಿಯ ಆರಂಭದಲ್ಲಿ ಮೊತ್ತ 35.5 ಲಕ್ಷ, ಕಂತು 48 ಸಾವಿರ.

ಒಂದು ವರ್ಷ ಕಾದು ಜರ್ಮನಿಯ ಕಾರ್ಯಕ್ರಮಕ್ಕೆ ಪ್ರಯತ್ನಿಸುವ ಆಯ್ಕೆಯನ್ನು ಕೊನೆಯವರೆಗೂ ಮೇಜಿನ ಮೇಲಿಟ್ಟಿದ್ದೆವು. ಅಲ್ಲಿ ಸಿಕ್ಕಿದ್ದರೆ ಸಾಲವೇ ಬೇಕಿರಲಿಲ್ಲ. ಸಿಗದಿದ್ದರೆ ಕೈಯಲ್ಲಿದ್ದ 37 ಲಕ್ಷದ ನೆರವೂ ಹೋಗುತ್ತಿತ್ತು, ಏಕೆಂದರೆ ಪ್ರವೇಶವನ್ನು ಮುಂದೂಡಿದರೆ ವೇತನವೂ ಮುಂದೂಡಲ್ಪಡುತ್ತದೆಂಬ ಖಾತರಿಯನ್ನು ಆ ಶಾಲೆ ಕೊಡಲಿಲ್ಲ. ಆಕೆ ಹೊರಟಳು.

ಈಗಿನ ಸ್ಥಿತಿ

ಓದು ಮುಗಿಸಿ ಆಕೆ ಬೆಂಗಳೂರಿಗೆ ಮರಳಿದ್ದಾಳೆ. ಆದರೆ ಪೀಣ್ಯಕ್ಕೆ ನೇರವಾಗಿ ಅಲ್ಲ. ಹೊರವರ್ತುಲ ರಸ್ತೆಯ ಒಂದು ಬಹುರಾಷ್ಟ್ರೀಯ ಕಂಪನಿಯ ಪೂರೈಕೆ ವಿಭಾಗದಲ್ಲಿ ಕೆಲಸ, ಕೈಗೆ 1.6 ಲಕ್ಷ. ಅದರಲ್ಲಿ 48 ಸಾವಿರ ಬ್ಯಾಂಕಿಗೆ, ಟ್ರಸ್ಟಿನ ಬಡ್ಡಿರಹಿತ ಸಾಲಕ್ಕೆ ಪ್ರತ್ಯೇಕ ಕಂತು. 43 ಲಕ್ಷದ ಸಾಲವಿದ್ದಿದ್ದರೆ ಈ ಕೆಲಸವನ್ನು ಒಪ್ಪಿಕೊಳ್ಳುತ್ತಿರಲಿಲ್ಲ, ಯುರೋಪಿನಲ್ಲೇ ಸಿಕ್ಕಿದ್ದ ಇನ್ನೊಂದನ್ನು ಹಿಡಿಯುತ್ತಿದ್ದೆ ಎಂದು ಆಕೆ ಸ್ಪಷ್ಟವಾಗಿ ಹೇಳುತ್ತಾಳೆ. 12 ಲಕ್ಷದ ಹೆಚ್ಚುವರಿ ನೆರವು ಆಕೆಯನ್ನು ಈ ಊರಿಗೆ ಕರೆತಂದಿತು. ಉಳಿದ 31 ಲಕ್ಷ ಆಕೆಯನ್ನು ವರ್ಕ್‌ಶಾಪ್‌ನಿಂದ ದೂರವಿಟ್ಟಿದೆ.

ಕಾರ್ಯಯೋಜನೆ ನಿಂತಿಲ್ಲ. ಶನಿವಾರ ಮಧ್ಯಾಹ್ನ ತಂದೆಯ ಶೆಡ್ಡಿನಲ್ಲಿ ಒಂಬತ್ತು ವರ್ಕ್‌ಶಾಪ್‌ಗಳ ಮಾಲೀಕರು ಸೇರುತ್ತಾರೆ, ಎರಡು ಆರ್ಡರುಗಳಿಗೆ ಒಟ್ಟಾಗಿ ದರ ಸಲ್ಲಿಸಿದ್ದಾರೆ, ಒಂದು ದಕ್ಕಿದೆ. ಕಂಪನಿ ನೋಂದಣಿಯನ್ನು ಮಾತ್ರ ಮುಂದಕ್ಕೆ ಹಾಕಿದ್ದಾರೆ. ಪೂರ್ಣಾವಧಿಗೆ ಕೂರುವವರು ಇಲ್ಲದೆ ನೋಂದಣಿ ಮಾಡುವುದು ಬೇಡವೆಂದು ಹಿರಿಯ ಮಾಲೀಕರೊಬ್ಬರು ಪಟ್ಟು ಹಿಡಿದಿದ್ದಾರೆ, ಆಕೆಯೂ ಒಪ್ಪಿದ್ದಾಳೆ. ಬ್ಯಾಂಕಿನ ಸಾಲ 15 ಲಕ್ಷಕ್ಕೆ ಇಳಿದ ತಿಂಗಳು ಕೆಲಸಕ್ಕೆ ರಾಜೀನಾಮೆ ಕೊಡುವುದೆಂದು ನಿರ್ಧರಿಸಿ, ವರ್ಷದ ಬೋನಸ್ಸನ್ನೆಲ್ಲ ಅಸಲಿಗೆ ತುಂಬುತ್ತಿದ್ದಾಳೆ.